ಮಧ್ಯಂತರದಲ್ಲಿ ಸಿಕ್ಕ ಸಾಹೇಬರು

ಅಣ್ಣನಿಗೆ ಪೊಲೀಸ್ ಸಿನಿಮಾ ಎಂದರೆ ಪ್ರಾಣ. ಅದರಲ್ಲೂ ಲಂಚಕೋರ ಅಧಿಕಾರಿ, ಒದ್ದೆ ರಸ್ತೆ, ಅರೆಗತ್ತಲೆಯ ಠಾಣೆ, ಸಿಗರೇಟಿನ ಹೊಗೆಯ ಹಿಂದಿನಿಂದ ಮೆಲ್ಲಗೆ ಮಾತಾಡುವ ಕಟುಕರು ಇರುವಂಥ ಚಿತ್ರ ಬಂತೆಂದರೆ ಮೊದಲ ವಾರದಲ್ಲೇ ನೋಡಿಬಿಡಬೇಕು. ತಂಗಿಗೆ ಆ ಪೋಸ್ಟರ್ ಕಂಡರೇ ಮೈ ಉರಿಯುತ್ತಿತ್ತು.

ಉರಿಯದೆ ಏನು? ಅಣ್ಣ ಟ್ಯಾಕ್ಸಿ ಓಡಿಸುತ್ತಿದ್ದ ಕಾಲದಲ್ಲಿ, ಕಂಟ್ರಾಕ್ಟರನ ಮಗನೊಬ್ಬ ಹಾಲು ಹಾಕುವವನಿಗೆ ಕಾರು ಗುದ್ದಿ ಪರಾರಿಯಾದದ್ದನ್ನು ಕಣ್ಣಾರೆ ಕಂಡಿದ್ದ. ಸುಮ್ಮನಿರಲಾರದೆ ಠಾಣೆಗೆ ಹೋಗಿ ಹೇಳಿದ. ಸಾಕ್ಷಿ ಹೇಳಲು ಹೋದವನನ್ನೇ ಇನ್ಸ್‌ಪೆಕ್ಟರ್ ಒಳಗೆ ಕೂರಿಸಿಕೊಂಡು, ಗುದ್ದಿದ್ದು ತನ್ನ ಟ್ಯಾಕ್ಸಿಯೇ ಎಂದು ಒಪ್ಪಿಕೊಳ್ಳುವವರೆಗೂ ಬಡಿದ. ಮಂಡಿಚಿಪ್ಪು ಪುಡಿಯಾಯಿತು. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ ಅಣ್ಣ ನಿರ್ದೋಷಿಯೇನೋ ಆದ. ಕಾಲು ಮಾತ್ರ ಮತ್ತೆ ಮಡಚಲಿಲ್ಲ. ಬಡಿದವನಿಗೆ ಬಡ್ತಿಯ ಮೇಲೆ ಬಡ್ತಿ. ಈಗ ಅಣ್ಣ ತಂಗಿಯ ಹೊಲಿಗೆ ಅಂಗಡಿಯಲ್ಲಿ ಕಾಲು ನೀಡಿಕೊಂಡು ಕೂತು ರವಿಕೆಗಳಿಗೆ ಹುಕ್ಕು ಹಾಕುತ್ತಾನೆ.

"ಅದೇ ಖಾಕಿ, ಅದೇ ಲಾಠಿ. ಮೈಮೇಲೆ ಬಿದ್ದಿದ್ದು ಸಾಲದು ಅಂತ ದುಡ್ಡು ಕೊಟ್ಟು ಬೇರೆ ನೋಡ್ಬೇಕಾ ನಿಂಗೆ?" ಎಂದು ಒಂದು ದಿನ ಅವಳು ರೇಗಿದಳು.

ಅಣ್ಣ ದಾರ ಕಚ್ಚಿ ತುಂಡು ಮಾಡಿದ. "ಪುಟ್ಟೀ, ನನ್ನ ಹೊಡೆಯೋವಾಗ ಬಾಗಿಲು ಹಾಕಿದ್ರು. ಆಮೇಲೆ ನಾನು ಏನು ಹೇಳಿದ್ರೂ 'ಅದಕ್ಕೇನು ಸಾಕ್ಷಿ?' ಅಂದ್ರು. ಸಿನಿಮಾದಲ್ಲಿ ಬಾಗಿಲು ಹಾಕಿದ್ಮೇಲೂ ಇಡೀ ಥಿಯೇಟ್ರು ಒಳಗೇ ಕೂತಿರುತ್ತೆ ನೋಡು. ಅವನು ಸುಳ್ಳು ಹೇಳಿದ್ರೆ ಅದು ಸುಳ್ಳು ಅಂತ ಅಷ್ಟೂ ಜನಕ್ಕೆ ಗೊತ್ತು. ಅಷ್ಟು ಸಾಕು ನಂಗೆ."

ಆ ಭಾನುವಾರ ತಂಗಿ ಅಂಗಡಿಗೆ ಬೀಗ ಹಾಕಿ, ಅಣ್ಣನ ಜೊತೆ ತಾನೂ ಮಧ್ಯಾಹ್ನದ ಆಟಕ್ಕೆ ಹೊರಟಳು.

ಚಿತ್ರ ಚೆನ್ನಾಗಿಯೇ ಇತ್ತು, ಹಾಳಾದ್ದು! ಕಣ್ಣು ಕೀಳಲಾಗದಷ್ಟು ಚೆನ್ನಾಗಿತ್ತು. ಪರದೆಯ ಮೇಲಿನ ಅಧಿಕಾರಿ ಸ್ಫುರದ್ರೂಪಿ, ಹರಿತ ಮಾತಿನವನು. ಅವನು ಒಬ್ಬ ಬಡಪಾಯಿಯ ಬೆರಳುಗಳನ್ನು ಮೇಜಿನ ಡ್ರಾಯರಿನಲ್ಲಿಟ್ಟು ಒತ್ತಿದಾಗ ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು. ಶಿಳ್ಳೆ! ತಂಗಿ ಗಕ್ಕನೆ ತಿರುಗಿ ನೋಡಿದಳು. ಹೊಡೆಸಿಕೊಂಡವನ ಹೆಸರು ಕೂಡ ಯಾರಿಗೂ ಬೇಕಿರಲಿಲ್ಲ. ಅಣ್ಣನೊಬ್ಬನೇ ತನ್ನ ಬೆರಳುಗಳನ್ನು ಮುಷ್ಟಿ ಮಾಡಿಕೊಂಡು ಕೂತಿದ್ದ.

ಮಧ್ಯಂತರದಲ್ಲಿ ಅಣ್ಣನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಕಾಫಿ ತರಲು ಹೋದಳು. ಎರಡು ಲೋಟ ಹಿಡಿದು ತಿರುಗಿದರೆ, ಅಣ್ಣನ ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ದಪ್ಪ ಮನುಷ್ಯ ನಿಂತಿದ್ದಾನೆ. ಪಕ್ಕದಲ್ಲಿ ಪಾಪ್‌ಕಾರ್ನ್ ಪೊಟ್ಟಣ ಹಿಡಿದ ಕಾಲೇಜು ವಯಸ್ಸಿನ ಮಗಳು. ಎಷ್ಟು ತೂಕ ಬಂದಿದ್ದರೇನು, ಕೋರ್ಟಿನ ಕಟಕಟೆಯಲ್ಲಿ ನಿಂತು ನಾಲಿಗೆ ತೊದಲದೆ ಸುಳ್ಳು ಹೇಳಿದ್ದ ಆ ಇನ್ಸ್‌ಪೆಕ್ಟರನ ಮುಖವನ್ನು ಅವಳು ಮರೆತಿರಲಿಲ್ಲ.

"ಟ್ಯಾಕ್ಸಿಯವನಲ್ವೇನಯ್ಯಾ ನೀನು? ಹೇಗಿದ್ದೀಯ? ಪಿಕ್ಚರ್ ಸಖತ್ತಾಗಿದೆ ಅಲ್ವಾ?" ಎಂದು ಸಾಹೇಬರು ಹಳೆಯ ನೆಂಟನನ್ನು ಕಂಡಂತೆ ವಿಚಾರಿಸುತ್ತಿದ್ದರು.

ಅಣ್ಣ ಊರುಗೋಲು ಹಿಡಿದು ತಡಬಡಿಸಿ ಎದ್ದು ನಿಂತಿದ್ದ. "ಚೆನ್ನಾಗಿದ್ದೀನಿ ಸಾರ್."

ಆ 'ಸಾರ್' ಕೇಳಿದ್ದೇ ಅವಳು ಲೋಟಗಳನ್ನು ಹಿಡಿದುಕೊಂಡೇ ಮುಂದೆ ನುಗ್ಗಿದಳು.

"ಕೂತ್ಕೋ ಅಣ್ಣ! ಯಾರ ಮುಂದೆ ಎದ್ದು ನಿಲ್ತಿದ್ದೀಯ? ಸಾಹೇಬ್ರೇ, ಇವನು ಚೆನ್ನಾಗಿಲ್ಲ. ನೀವು ಮುರಿದ ಕಾಲು ಇನ್ನೂ ಮುರಿದೇ ಇದೆ. ಕಂಟ್ರಾಕ್ಟರನ ಮಗನ್ನ ಉಳಿಸೋಕೆ ಸಾಕ್ಷಿಯನ್ನೇ ಅಪರಾಧಿ ಮಾಡಿದ್ರಲ್ಲಾ, ಈಗ ಅದೇ ಕಥೆ ನೋಡ್ತಾ ಪಾಪ್‌ಕಾರ್ನ್ ತಿನ್ನೋಕೆ ನಾಚಿಕೆ ಆಗಲ್ವಾ ನಿಮಗೆ?"

ಕೈ ಬೀಸಿದ ರಭಸಕ್ಕೆ ಕಾಫಿ ಚೆಲ್ಲಿತು. ಸುತ್ತಲಿನವರು ತಿರುಗಿದರು. ನೋಡನೋಡುತ್ತಿದ್ದಂತೆ ಫೋನುಗಳು ಮೇಲೆದ್ದವು.

"ಸಿನಿಮಾ ಪ್ರಚಾರಕ್ಕೆ ಮಾಡ್ತಿರೋದು ಕಣೋ," ಎಂದ ಒಬ್ಬ. "ಆ ಯಮ್ಮ ಎಷ್ಟು ಚೆನ್ನಾಗಿ ಆ್ಯಕ್ಟ್ ಮಾಡ್ತಿದ್ದಾಳೆ ನೋಡು!"

ಯಾರೋ ಚಪ್ಪಾಳೆ ತಟ್ಟಿದರು. ಇನ್ನಷ್ಟು ಜನ ಸೇರಿಕೊಂಡರು. ಸಾಹೇಬರು ಒಂದು ಗಳಿಗೆ ಬಿಳಿಚಿಕೊಂಡಿದ್ದವರು, ಚಪ್ಪಾಳೆ ಕೇಳಿದ್ದೇ ಚೇತರಿಸಿಕೊಂಡು, ತಾವೂ ಎರಡು ಕೈ ಸೇರಿಸಿ "ಭೇಷ್! ಭೇಷ್!" ಎಂದರು.

"ಆ್ಯಕ್ಟಿಂಗ್ ಅಲ್ಲ, ಇದು ನಿಜ! ಇವನ ಕಾಲು ನೋಡಿ!" ಎಂದು ಅವಳು ಗಂಟಲು ಹರಿಯುವಂತೆ ಕೂಗಿದಳು. ಕೂಗಿದಷ್ಟೂ ಚಪ್ಪಾಳೆ ಜೋರಾಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಲಂಚಕೋರ ಅಧಿಕಾರಿಯ ಗತಿ ಏನಾಯಿತೆಂದು ನೋಡಲು ಎಲ್ಲರೂ ಒಳಗೆ ನುಗ್ಗಿದರು. ಮಗಳ ಭುಜ ಹಿಡಿದುಕೊಂಡು ಸಾಹೇಬರೂ ಒಳಗೆ ಹೋದರು.

ಥಿಯೇಟರಿನ ವರಾಂಡ ಖಾಲಿಯಾಯಿತು. ಥೂ, ಇದೆಂಥ ಜನ! ಅವಳು ಅಣ್ಣನ ಪಕ್ಕ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳು ಬಂದಿರಲಿಲ್ಲ, ಸಿಟ್ಟಿಗೆ ಕಣ್ಣು ಉರಿಯುತ್ತಿತ್ತು ಅಷ್ಟೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಆ ಹುಡುಗಿ ಒಬ್ಬಳೇ ಬಂದಳು.

"ಅಂಕಲ್, ಅದು ನಾಟಕ ಅಲ್ಲ ಅಲ್ವಾ? ಅಪ್ಪನ ಕೈ ನಡುಗ್ತಾ ಇತ್ತು," ಎಂದಳು.

ಅಣ್ಣ ತಂಗಿಯ ಮುಖ ನೋಡಿದ. ಆಮೇಲೆ ಮೆಲ್ಲಗೆ, ಏರುದನಿಯಿಲ್ಲದೆ, ಹಾಲಿನವನ ಸೈಕಲ್ಲಿನಿಂದ ಹಿಡಿದು ಕೋರ್ಟಿನವರೆಗೆ ಎಲ್ಲ ಹೇಳಿದ. ಒಂದು ಬೈಗುಳವನ್ನೂ ಸೇರಿಸಲಿಲ್ಲ. ಹುಡುಗಿ ನಿಂತೇ ಕೇಳಿಸಿಕೊಂಡಳು. ಮುಗಿಯುವಷ್ಟರಲ್ಲಿ ಸಾಹೇಬರು ಅವಳನ್ನು ಹುಡುಕಿಕೊಂಡು ಬಂದರು. "ಬಾರಮ್ಮಾ, ಕಂಡಕಂಡವರ ಮಾತು ಏನು ಕೇಳ್ತೀಯ," ಎಂದು ಕೈ ಚಾಚಿದರು. ಅವಳು ಆ ಕೈಯನ್ನೇ ನೋಡಿದಳು, ಹಿಡಿಯಲಿಲ್ಲ. ಅಪ್ಪನ ಪಕ್ಕದಿಂದ ಸರಿದು ಹೋಗಿ, ಮೆಟ್ಟಿಲಿಳಿದು, ಬಿಸಿಲಿಗೆ ಹೊರಟುಹೋದಳು. ಸಾಹೇಬರು ಅವಳ ಹೆಸರು ಕೂಗುತ್ತಾ ಹಿಂದೆ ಓಡಿದರು.

ಬಸ್ಸಿನಲ್ಲಿ ಅಣ್ಣ ಪೆಚ್ಚಾಗಿ ಕೂತಿದ್ದ. "ಆ ಮಗುಗೆ ಹೇಳಬಾರದಿತ್ತೇನೋ."

"ಯಾಕೆ ಹೇಳಬಾರದಿತ್ತು? ಅವರ ಮನೆ ನೆಮ್ಮದಿಗೆ ನೀನು ಬಾಯಿ ಹೊಲಿದುಕೊಂಡು ಕೂರಬೇಕಾ?" ಎಂದು ಅವಳು ಸಿಡುಕಿದಳು. ಮುಂದಿನ ಸೀಟಿನವರು ತಿರುಗಿ ನೋಡಿದರೂ ದನಿ ಇಳಿಸಲಿಲ್ಲ.

ಕೋರ್ಟಿನಲ್ಲಿ ತನ್ನನ್ನು ಬಿಡಿಸಿದ್ದ ಲಾಯರಮ್ಮನೂ ತಂಗಿಯೂ ಸಾಹೇಬರ ಮೇಲೆ ಕೇಸು ಹಾಕೋಣವೆಂದಾಗಲೆಲ್ಲ ಬೇಡವೆಂದು ಕೈಮುಗಿಯುತ್ತಿದ್ದವನು ಅಣ್ಣ.

"ಆ ಲಾಯರಮ್ಮನ ಮನೆ ಇಲ್ಲೇ ಎಲ್ಲೋ ಅಲ್ವಾ ಪುಟ್ಟೀ? ನಾಳೆ ಹೋಗಿ ಮಾತಾಡೋಣ್ವಾ?" ಎಂದ.

"ನಾಳೆ ಯಾಕೆ?" ಎಂದು ಅವಳು ಎದ್ದು ನಿಂತು, ಬಸ್ಸು ನಿಲ್ಲಿಸುವಂತೆ ಕಂಡಕ್ಟರನಿಗೆ ಕೂಗಿ ಹೇಳಿದಳು.