ಇಪ್ಪತ್ತಮೂರೂ ಇವೆ

ಮಗಳು ಮೂರನೇ ಸಲ ಗುಂಡಿ ಒತ್ತಿದಳು. ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬ ಗುರ್ ಎಂದಿತು, ಒಳಗೆ ಫ್ಯಾನು ತಿರುಗಿತು, ಪರದೆ ಬೆಳಗಿತು. ಫೋಟೋಗಳಿದ್ದ ಫೋಲ್ಡರನ್ನು ತೆರೆಯುವಷ್ಟರಲ್ಲಿ ಪರದೆಯೆಲ್ಲ ನೀಲಿಯಾಗಿ, ಬಿಳಿ ಅಕ್ಷರಗಳಲ್ಲಿ ಎರಡು ಸಾಲು ಮೂಡಿ, ತಾನಾಗಿಯೇ ಆರಿಹೋಯಿತು.

"ಅಪ್ಪಾ, ಇದು ಎರಡು ನಿಮಿಷಾನೂ ನಿಲ್ತಿಲ್ಲ."

ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವನ ಬೆನ್ನ ಹಿಂದೆ, ಮುಂದಿನ ಕೋಣೆಯಲ್ಲಿ, ಅವನ ಅಕ್ಕನನ್ನು ಮಲಗಿಸಿದ್ದರು. ಚಿತಾಗಾರದವರು ನಾಲ್ಕು ಗಂಟೆಗೆ ಸಮಯ ಕೊಟ್ಟಿದ್ದರು. ಈಗ ಹನ್ನೊಂದೂವರೆ.

"ಬಿಡು," ಎಂದ. "ಪೆನ್ಷನ್ ಕಾಗದಕ್ಕೆ ತೆಗೆಸಿದ್ದ ಫೋಟೋ ಒಂದಿದೆ. ಅದನ್ನೇ ದೊಡ್ಡದು ಮಾಡಿಸೋಣ."

"ಅದರಲ್ಲಿ ಅತ್ತೆ ಯಾರಿಗೋ ಬೈಯೋಕೆ ಕಾಯ್ತಿರೋ ಹಾಗೆ ಕಾಣ್ತಾರೆ."

"ಅವಳು ಇದ್ದದ್ದೇ ಹಾಗೆ."

ಫೋಟೋ ದೊಡ್ಡದಾಗಿ ಬಂತು. ದೊಡ್ಡದಾದಷ್ಟೂ ಅಕ್ಕನ ಸಿಟ್ಟೂ ಹೆಚ್ಚಿದಂತೆ ಕಂಡಿತು. ಪಕ್ಕದ ಮನೆಯಾಕೆ ಅದನ್ನು ಕುರ್ಚಿಯ ಮೇಲೆ ಒರಗಿಸಿಟ್ಟು, ಸರಿಯಾಗಿ ನಿಂತಿದೆಯೇ ಎಂದು ಎರಡು ಸಲ ನೋಡಿದಳು.

ಅಕ್ಕ ಹೋದದ್ದು ಹಿಂದಿನ ದಿನ ಬೆಳಗ್ಗೆ, ಹಲ್ಲುಜ್ಜುವಾಗ. ತಮ್ಮ ಇದ್ದದ್ದು ಅದೇ ಮನೆಯ ಮಹಡಿಯಲ್ಲಿ. ಕೆಳಗೆ ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ನಿಲ್ಲಿಸುತ್ತಾಳೆ ಎಂದು ಕಾದ. ಅರ್ಧ ಗಂಟೆ ಕಾದ. ಮಾತು ಬಿಟ್ಟವರ ಮನೆಯಲ್ಲಿ ನಲ್ಲಿ ನಿಲ್ಲಿಸು ಎಂದು ಹೇಳಲು ಇಳಿದು ಹೋಗುವುದೂ ಸೋತಂತೆಯೇ. ತೊಟ್ಟಿ ಬರಿದಾಗಿ ಸದ್ದು ತಾನಾಗಿ ನಿಂತ ಮೇಲೆ ಇಳಿದ.

ಈ ಅರ್ಧ ಗಂಟೆಯ ಮಾತನ್ನು ಅವನು ಡಾಕ್ಟರಿಗೆ ಹೇಳಿದ್ದ. ಏನೂ ವ್ಯತ್ಯಾಸ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಗಳಿಗೆ ಹೇಳಿರಲಿಲ್ಲ.

"ನೀವೂ ಅವರೂ ಮಾತಾಡ್ತಿರಲಿಲ್ಲ ಅಂತ..." ಪಕ್ಕದ ಮನೆಯಾಕೆ ಮೆಲ್ಲಗೆ ಶುರು ಮಾಡಿದಳು.

"ಟೀ ಆಯ್ತಾ ನಿಮ್ಮದು?" ಎಂದ ಅವನು.

"ಆಯ್ತು."

"ಇನ್ನೊಂದು ಲೋಟ ತಗೊಳ್ಳಿ."

ಅಕ್ಕನ ಹಳೆಯ ಸೂಪರ್‌ವೈಸರ್ ತಲೆದೆಸೆಯಲ್ಲಿ ಕೂತಿದ್ದಳು. ಎಂಬತ್ತು ದಾಟಿದ ಹೆಂಗಸು. ಎಡಗಿವಿ ಪೂರ್ತಿ ಮಂದ. "ಮೂವತ್ತಮೂರು ವರ್ಷ ನನ್ನ ಕೈಕೆಳಗಿದ್ಲು," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. "ಎಲ್ಲರಿಗೂ ಬೈದಿದ್ದೀನಿ. ಇವಳಿಗೆ ಬೈಯೋಣ ಅಂದ್ರೆ ತಪ್ಪೇ ಸಿಕ್ತಿರಲಿಲ್ಲ. ಅದಕ್ಕೇ ಬೈತಿದ್ದೆ."

*

ಬೀದಿಯವರಿಗೆ ಅವಳು ಹಲೋ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳ ಕೆಲಸ ಮೊದಲು ಊರುಗಳ ನಡುವೆ ಲೈನು ಕೂಡಿಸುವುದು, ಆಮೇಲೆ ಕೆಟ್ಟ ಲೈನಿನ ದೂರು ತೆಗೆದುಕೊಳ್ಳುವುದು. ಕೆಟ್ಟಿದೆ ಎಂದವರಿಗೆಲ್ಲ ಅವಳ ಪ್ರಶ್ನೆ ಒಂದೇ: "ಯಾವಾಗ ಚೆನ್ನಾಗಿತ್ತು, ಹೇಳಿ." ಸದಾ ಹೆಡ್‌ಫೋನ್ ಹಾಕಿ ಕಿವಿಯ ಮೇಲೆ ಕೂದಲು ಪಟ್ಟಿಯಾಗಿ ಒತ್ತಿಹೋಗಿತ್ತು. ಕೆಲಸ ಬಿಟ್ಟ ಮೇಲೂ ಅದು ಏಳಲಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಲೈನು ಬಿಜಿ ಇತ್ತು," ಅನ್ನುತ್ತಿದ್ದಳು. ಅದೇ ಉತ್ತರವನ್ನು ಇಪ್ಪತ್ತೈದು ವರ್ಷ ಕೊಟ್ಟಳು. ಕೊನೆಗೆ ಕೇಳುವವರೇ ಉಳಿಯಲಿಲ್ಲ.

ಎಕ್ಸ್‌ಚೇಂಜ್ ಮುಚ್ಚಿದ ವರ್ಷ ಅವಳು ಊಟದ ಮೇಜಿನ ಮೇಲೆ ಕಂಪ್ಯೂಟರ್ ಜೋಡಿಸಿದಳು. ಡಬ್ಬ ಒಂದು ಕಡೆಯದು, ಒಳಗಿನ ಬೋರ್ಡು ಇನ್ನೊಂದು ಕಡೆಯದು, ಮೆಮೊರಿ ಪಟ್ಟಿ ಎರಡು, ತಿರುಪುಗಳು ಒಂದು ಬಟ್ಟಲಲ್ಲಿ. ನಾಲ್ಕು ದಿನ ಮನೆಯವರೆಲ್ಲ ನೆಲದ ಮೇಲೆ ಕೂತು ಉಂಡರು. ದೂರದ ಊರುಗಳಿಗೆ ಬಸ್ಸು ಓಡಿಸುತ್ತಿದ್ದ ತಮ್ಮ ಮೂರು ದಿನಕ್ಕೊಮ್ಮೆ ಮನೆಗೆ ಬರುವವನು. ಬಾಗಿಲಲ್ಲೇ ನಿಂತು, "ಇದೇನು, ಬಾಂಬೇ?" ಎಂದ.

"ಅಂಗಡಿಯಲ್ಲಿ ಕಟ್ಟಿದ್ದೇ ಸಿಗತ್ತಲ್ಲ ಅಕ್ಕ?" ಎಂದು ಮತ್ತೆ ಕೇಳಿದ.

"ಸಿಗತ್ತೆ. ಕೆಟ್ಟಾಗ ಅಂಗಡಿಯವನ ಮುಖ ನೋಡಬೇಕು."

ತಮ್ಮನ ಹೆಂಡತಿ ಟಾರ್ಚು ಹಿಡಿದಿದ್ದಳು. ಮೊದಲ ಸಲ ಗುಂಡಿ ಒತ್ತಿದಾಗ ಏನೂ ಆಗಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುವುದಕ್ಕೆ ಶುರು ಮಾಡಿ, ಅಡುಗೆಮನೆಯ ಹಾಲು ಉಕ್ಕುವವರೆಗೂ ನಕ್ಕರು. ಪ್ಲಗ್ಗು ಹಾಕಿರಲಿಲ್ಲ.

*

ತಮ್ಮನ ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಗಂಡ ಬಸ್ಸಿನಲ್ಲಿದ್ದಾಗ ಹೇಳಬೇಕಾದದ್ದೆಲ್ಲ ಅವನು ಬರುವಷ್ಟರಲ್ಲಿ ಮರೆತುಹೋಗುತ್ತದೆ ಎಂದು ಅವಳು ತನ್ನ ಫೋನಿನಲ್ಲಿ ಮಾತನಾಡಿ ರೆಕಾರ್ಡ್ ಮಾಡಿ ಇಡುತ್ತಿದ್ದಳು. ಮನೆಗೆ ಬಂದವನು ಉಣ್ಣುತ್ತಾ ಕೇಳುತ್ತಿದ್ದ. ಕೇಳಿಯಾದ ಮೇಲೆ ಅಳಿಸುತ್ತಿದ್ದಳು. ಅಳಿಸದೆ ಉಳಿದದ್ದು ಇಪ್ಪತ್ತಮೂರು. ಅವಳು ಹೋದ ತಿಂಗಳೇ ಅಕ್ಕ ಅವನ್ನೆಲ್ಲ ತನ್ನ ಕಂಪ್ಯೂಟರಿಗೆ ಇಳಿಸಿ, ಒಂದೇ ಕಡತವಾಗಿ ಗಂಟು ಕಟ್ಟಿಟ್ಟಿದ್ದಳು. ಆ ಧೈರ್ಯದ ಮೇಲೆ ತಮ್ಮ ಹೆಂಡತಿಯ ಫೋನನ್ನು ಕೊಟ್ಟು ಹೊಸದು ತಂದುಕೊಂಡ.

ಮೂರು ವರ್ಷ ಅವನು ಅದರ ಸುದ್ದಿಗೆ ಹೋಗಲಿಲ್ಲ. ಎಂಟು ತಿಂಗಳ ಹಿಂದೆ, ಒಂದು ಭಾನುವಾರ, ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕೆಳಗೆ ಬಂದ.

"ಅವಳದು ಕೇಳಬೇಕು ಅಕ್ಕ."

ಅಕ್ಕ ಗಂಟು ಬಿಚ್ಚಲು ಹೋದಳು. ಕಡತ ಹಾಳಾಗಿದೆ ಎಂದಿತು ಪರದೆ. ಮತ್ತೆ ಮಾಡಿದಳು. ಮತ್ತೆ ಅದೇ. ಐದನೇ ಸಲ ಪರದೆ ನೀಲಿಯಾಗಿ ಆರಿತು.

"ಕಡತದಲ್ಲಿ ತಪ್ಪಿಲ್ಲ ಅನ್ಸತ್ತೆ ಕಣೋ," ಎಂದಳು. "ಬೇರೆಯವೂ ಒಮ್ಮೊಮ್ಮೆ ಹೀಗೇ ಮಾಡ್ತಿವೆ. ಯಂತ್ರದಲ್ಲೇ ಎಲ್ಲೋ ಇದೆ. ಸ್ವಲ್ಪ ದಿನ ಕೊಡು."

ಫೋನು ಕೊಟ್ಟು ಬಂದವನು ತಾನು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಬಾಯಿ ಹಿಡಿತ ತಪ್ಪಿತು.

"ನಿನ್ನ ಕೈಗೆ ಕೊಟ್ಟಿದ್ದೇ ನನ್ನ ತಪ್ಪು. ಜೀವನಪೂರ್ತಿ ಕಂಡವರ ಮನೆ ಮಾತು ಕೇಳ್ಕೊಂಡು ಬದುಕಿದವಳು ನೀನು. ನಿನ್ನದು ಅನ್ನೋ ಒಂದು ಧ್ವನಿ ಇದ್ದಿದ್ರೆ ತಾನೇ ಕಳ್ಕೊಳ್ಳೋದು ಏನು ಅಂತ ಗೊತ್ತಾಗೋದು?"

ಅಕ್ಕ ಪರದೆಯತ್ತ ತಿರುಗಿ ಕೂತೇ ಇದ್ದಳು. ಕಿವಿಯ ಮೇಲಿನ ಒತ್ತಿದ ಕೂದಲು ಮಾತ್ರ ಅವನಿಗೆ ಕಾಣಿಸುತ್ತಿತ್ತು. ಅವನು ಮಹಡಿ ಹತ್ತಿದ. ಆಮೇಲೆ ತಿಂಗಳುಗಟ್ಟಲೆ ಕೆಳಗಿನಿಂದ ಆ ಡಬ್ಬ ಹೊತ್ತುವ, ಆರುವ, ಮತ್ತೆ ಹೊತ್ತುವ ಸದ್ದು ಕೇಳುತ್ತಲೇ ಇತ್ತು. ಹಟಮಾರಿ, ಅಂದುಕೊಂಡ.

*

ಒಂದು ಗಂಟೆಯ ಹೊತ್ತಿಗೆ ಅಪರಿಚಿತನೊಬ್ಬ ಬಂದ. ನಡುವಯಸ್ಸಿನವನು, ಕೈಯಲ್ಲಿ ಬೆಳ್ಳಿ ಬಣ್ಣದ ಸಣ್ಣ ಚೀಲ. ಹೊರಗಿದ್ದ ಚಪ್ಪಲಿಗಳನ್ನು ನೋಡಿ ತಡೆದು ನಿಂತ. ಒಳಗೆ ಇಣುಕಿದವನ ಮುಖ ಕಳೆಗುಂದಿತು.

"ಅಯ್ಯೋ," ಎಂದ. "ಅಮ್ಮ ಇವತ್ತು ಅಂಗಡಿಗೆ ಬರ್ತೀನಿ ಅಂದಿದ್ರು. ಬರದೇ ಇರೋರಲ್ಲ. ಅದಕ್ಕೇ ನಾನೇ..."

ಕಂಪ್ಯೂಟರಿನ ಬಿಡಿಭಾಗ ಮಾರುವವನು. ಚೀಲದಲ್ಲಿದ್ದದ್ದು ಹೊಸ ಮೆಮೊರಿ ಪಟ್ಟಿ. ತಮ್ಮ ಅದನ್ನು ತೆಗೆದುಕೊಂಡು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡ. ಬೆರಳುದ್ದದ ಹಸಿರು ತುಂಡು, ತೂಕವೇ ಇಲ್ಲ.

"ಇದೇ ಕೆಟ್ಟಿದ್ದಾ?"

"ಇದರಂಥದ್ದೇ ಎರಡಿವೆ ಒಳಗೆ. ಒಂದರಲ್ಲಿ ಎಲ್ಲೋ ಒಂದು ಕಡೆ ಹಾಳು. ಯಂತ್ರ ಅಲ್ಲಿ ಒಂದು ಇಟ್ರೆ, ವಾಪಸ್ ತೆಗೆಯುವಾಗ ಇನ್ನೊಂದು ಬರತ್ತೆ. ಯಾವಾಗಲೂ ಅಲ್ಲ, ಒಮ್ಮೊಮ್ಮೆ. ಅದೇ ಕಷ್ಟ. ನಾನು, ಎರಡನ್ನೂ ಬಿಸಾಕಿ ಹೊಸದು ಹಾಕಿ ಅಂದೆ. ಇವರು ಕೇಳಲಿಲ್ಲ. ಯಾವುದು ಕೆಟ್ಟಿದೆ ಅಂತ ಗೊತ್ತಾಗದೆ ಹಾಕಿದ್ರೆ ಸರಿಹೋಯ್ತು ಅಂತ ನಂಬೋದು ಹೇಗೆ ಅಂದ್ರು. ಪಟ್ಟಿ ಹಾಳೋ, ಅದು ಕೂರೋ ಜಾಗ ಹಾಳೋ, ಅಂತ ಅದಲು ಬದಲು ಮಾಡಿ ನೋಡಿದ್ದಾರೆ. ನಾನು ಹದಿನೆಂಟು ವರ್ಷದಿಂದ ಇದೇ ಕೆಲಸದಲ್ಲಿದ್ದೀನಿ, ನನಗೇ ಆ ತಾಳ್ಮೆ ಇಲ್ಲ." ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. "ಇಷ್ಟು ಕಷ್ಟ ಯಾಕಮ್ಮ ಅಂತ ಕೇಳಿದೆ. ಒಬ್ಬರಿಗೆ ಲೈನು ಕೊಡಬೇಕು ಅಂದ್ರು."

ಮಗಳು ಅಪ್ಪನ ಮುಖ ನೋಡಿದಳು. ಅವನು ಕೈಯಲ್ಲಿದ್ದ ಹಸಿರು ತುಂಡನ್ನೇ ನೋಡುತ್ತಿದ್ದ.

ಮೇಜಿನ ಕೆಳಖಾನೆಯಲ್ಲಿ ಅಕ್ಕನ ಉದ್ದನೆಯ ಪುಸ್ತಕ ಮಗಳಿಗೆ ಸಿಕ್ಕಿತು. ಎಕ್ಸ್‌ಚೇಂಜಿನವರು ಕೆಟ್ಟ ಲೈನುಗಳನ್ನು ಬರೆದಿಡುತ್ತಿದ್ದಂಥದ್ದೇ. ತಾರೀಖು, ಏನು ತೆಗೆದದ್ದು, ಏನಾಯಿತು, ಸಹಿ. ಕೆಳಗೆ ತಾನೊಬ್ಬಳೇ ಇದ್ದರೂ ಪ್ರತಿ ಸಾಲಿನ ಕೊನೆಗೂ ಅಕ್ಕ ಸಹಿ ಹಾಕಿದ್ದಳು. ಮಗಳು ಕೊನೆಯ ಪುಟವನ್ನು ಓದಿದಳು.

"ಎಡಗಡೆಯ ಪಟ್ಟಿ ಒಂದೇ ಇಟ್ಟು: ಆರು ಗಂಟೆ ಪರೀಕ್ಷೆ. ನಲವತ್ತೊಂದು ತಪ್ಪು. ಅದನ್ನೇ ಬಲಗಡೆಯ ಜಾಗದಲ್ಲಿ ಇಟ್ಟು: ಮತ್ತೆ ತಪ್ಪು. ಜಾಗ ಸರಿಯಾಗಿದೆ. ಪಟ್ಟಿ ಹಾಳು.

"ಬಲಗಡೆಯ ಪಟ್ಟಿ ಒಂದೇ ಇಟ್ಟು: ತಪ್ಪಿಲ್ಲ. ಗಂಟು ಬಿಚ್ಚಿತು. ಇಪ್ಪತ್ತಮೂರೂ ಇವೆ. ಕೇಳಲಿಲ್ಲ. ಅವು ಅವನವು.

"ಖಾತ್ರಿಗೆ ಎರಡನ್ನೂ ಮತ್ತೆ ಇಟ್ಟು: ಗಂಟು ಬಿಚ್ಚಲಿಲ್ಲ. ಹೊಸ ಪಟ್ಟಿ ಬಂದ ಮೇಲೆ ಪೂರ್ತಿ ಪರೀಕ್ಷೆ ಮಾಡಿ ಅವನನ್ನು ಕರೆಯುವುದು."

ತಾರೀಖು ಒಂಬತ್ತು ದಿನ ಹಿಂದಿನದು.

"ಯಾವಾಗ ಬೇಕಾದ್ರೂ ಹಾಕ್ಕೊಡ್ತೀನಿ," ಎಂದ ಅಂಗಡಿಯವನು. "ಇವತ್ತು ಬೇಡ ಬಿಡಿ."

"ಇವತ್ತೇ ಹಾಕೋಣ," ಎಂದ ತಮ್ಮ. "ನೀವು ಹೇಳಿ. ನಾನು ಹಾಕ್ತೀನಿ."

ಪ್ಲಗ್ಗು ಕಿತ್ತರು. ಡಬ್ಬದ ಪಕ್ಕದ ತಗಡು ತೆಗೆದರು. ಮೊದಲು ತಗಡನ್ನು ಮುಟ್ಟಿ, ಮೈಯಲ್ಲಿರೋ ಕರೆಂಟು ಇಳಿದುಹೋಗಲಿ, ಎಂದ ಅಂಗಡಿಯವನು. ತಮ್ಮ ಮುಟ್ಟಿದ. ಒಳಗೆ ಒಂದು ಎಳೆ ಧೂಳೂ ಇರಲಿಲ್ಲ; ತಂತಿಗಳನ್ನೆಲ್ಲ ಬಿಳಿ ದಾರದಲ್ಲಿ, ಅಳತೆಯಿಟ್ಟಂತೆ ಸಮ ಅಂತರದಲ್ಲಿ ಕಟ್ಟಿತ್ತು. ಎರಡು ತುದಿಯ ಹಿಡಿಗಳನ್ನು ಅಗಲಿಸಿದಾಗ ಎಡಗಡೆಯ ಹಳೆಯ ಪಟ್ಟಿ ತಾನಾಗಿ ಮೇಲೆದ್ದು ಬಂತು. ಹೊಸದು ಕೂರಲಿಲ್ಲ. ಸ್ಟಿಯರಿಂಗ್ ಹಿಡಿದ ಕೈಗಳು. ಎಷ್ಟು ಒತ್ತಬೇಕೆಂದು ಅವಕ್ಕೆ ತಿಳಿಯಲಿಲ್ಲ.

"ತಿರುಗಿಸಿ ನೋಡಿ, ಕಚ್ಚು ಆ ಕಡೆ ಬರಬೇಕು. ಹಾಂ. ಈಗ ಎರಡು ಹೆಬ್ಬೆರಳಲ್ಲಿ ಒತ್ತಿ. ಇನ್ನೂ. ಹೆದರಬೇಡಿ, ಮುರಿಯಲ್ಲ."

ಟಕ್ ಎಂದಿತು.

ಪೂರ್ತಿ ಪರೀಕ್ಷೆಗೆ ಹೊತ್ತಿರಲಿಲ್ಲ. ಒಂದು ಸುತ್ತು ಮಾತ್ರ, ಐವತ್ತು ನಿಮಿಷ. ಪರದೆಯ ಮೇಲೆ ಶೇಕಡಾ ಅಂಕಿಗಳು ಏರತೊಡಗಿದವು. ಮುಂದಿನ ಕೋಣೆಗೆ ಜನ ಬರುತ್ತಿದ್ದರು, ಹೋಗುತ್ತಿದ್ದರು. ತಮ್ಮ ಬಂದವರಿಗೆ ಕೈ ಮುಗಿದು, ಯಾವಾಗ ಆಯ್ತು, ಹೇಗಾಯ್ತು ಎಂದು ಹೇಳಿ, ಒಳಗೆ ಹೋಗಿ ಅಂಕಿ ನೋಡಿ ಬರುತ್ತಿದ್ದ. ಮೂವತ್ತೆಂಟು. ಅರವತ್ತು. ತಪ್ಪು ಸೊನ್ನೆ. ಎಂಬತ್ತೈದರ ಹೊತ್ತಿಗೆ ಪಕ್ಕದ ಮನೆಯಾಕೆಯೂ ಬಂದು, ಅದೇನೆಂದು ತಿಳಿಯದೆಯೇ ಕಾಯುತ್ತಾ ನಿಂತಿದ್ದಳು.

ನೂರು. ಸೊನ್ನೆ.

ಮಗಳು ಗಂಟು ಬಿಚ್ಚಿದಳು. ಇಪ್ಪತ್ತಮೂರು ಸಾಲುಗಳು ಒಂದರ ಕೆಳಗೊಂದು ಬಂದು ನಿಂತವು.

"ಕೇಳ್ತೀಯಾ ಅಪ್ಪಾ, ಆಮೇಲೆ ಕೇಳ್ತೀಯಾ?"

ಅವನು ಮೊದಲನೆಯದನ್ನು ತೋರಿಸಿದ.

"ರೀ, ಕೇಳಿ," ಎಂದಿತು ಹೆಂಡತಿಯ ಧ್ವನಿ. ಹಿಂದೆ ಪಾತ್ರೆಯ ಸದ್ದು. "ಮೇಲಿನ ತೊಟ್ಟಿ ಸೋರ್ತಿದೆ. ಪ್ಲಂಬರ್ ನಾಳೆ ಬರ್ತೀನಿ ಅಂದಿದ್ದಾನೆ, ಅಂದ್ರೆ ಬರಲ್ಲ. ಮಗಳು ಪರೀಕ್ಷೆ ಸುಲಭ ಇತ್ತು ಅಂದ್ಲು, ನನಗೆ ನಂಬಿಕೆ ಇಲ್ಲ. ಇನ್ನೇನೋ ಇತ್ತು... ಅಕ್ಕಾ, ನೀವೇನಾದ್ರೂ ಹೇಳ್ತೀರಾ ಇವರಿಗೆ?"

ಸ್ವಲ್ಪ ದೂರದಿಂದ, ಸ್ಪಷ್ಟವಾಗಿ, ಅಕ್ಕ ಮಾತನಾಡಿದಳು.

"ಸ್ವೆಟರ್ ಇಲ್ಲೇ ಬಿಟ್ಟು ಹೋಗಿದ್ದಾನೆ ಅಂತ ಹೇಳು. ಐವತ್ತು ವರ್ಷ ಆಯ್ತು, ಇನ್ನೂ ನಾನೇ ಹೇಳಬೇಕು. ಘಾಟಿಯಲ್ಲಿ ಚಳಿ ಇರತ್ತೆ, ಕಿಟಕಿ ಹಾಕ್ಕೊಂಡು ಓಡಿಸು ಅನ್ನು."

ಮುಂದಿನ ಕೋಣೆಯಲ್ಲಿ ಮಾತು ನಿಂತಿತು. ಸೂಪರ್‌ವೈಸರ್ ಒಬ್ಬಳೇ, ಕೇಳುವ ಕಿವಿಯನ್ನು ಕೆಳಗೆ ಬಾಗಿಸಿ, ಮಲಗಿದ್ದವಳ ಮುಖ ನೋಡುತ್ತಾ, "ಏನಂದೆ?" ಎಂದಳು.

ತಮ್ಮ ಕೈ ಚಾಚಿ ಅದನ್ನು ನಿಲ್ಲಿಸಿದ. ಅಳು ಬರುತ್ತದೆಂದು ಕಾದು ನಿಂತ. ಬರಲಿಲ್ಲ. ಬಿಚ್ಚಿದ ತಗಡನ್ನು ಡಬ್ಬಕ್ಕೆ ಜೋಡಿಸಿ, ತಿರುಪುಗಳನ್ನು ಒಂದೊಂದಾಗಿ ಬಿಗಿ ಮಾಡಿದ. ಮೂರೂಕಾಲಿಗೆ ವ್ಯಾನು ಬಂತು.

*

ಎತ್ತುವವರು ಎತ್ತಿದರು. ವ್ಯಾನಿನ ಡ್ರೈವರು ತಮ್ಮನನ್ನು ಬಸ್ಸಿನವನೆಂದು ಗುರುತು ಹಿಡಿದು, "ಸಾರ್, ಮುಂದೆ ಬನ್ನಿ, ನನ್ನ ಪಕ್ಕ," ಎಂದ. ತಮ್ಮ ಬೇಡವೆಂದು ತಲೆಯಾಡಿಸಿ, ಹಿಂದೆ ಹತ್ತಿ, ಅಕ್ಕನ ಪಕ್ಕದ ಉದ್ದ ಬೆಂಚಿನ ಮೇಲೆ ಕೂತ. ಎದುರಿಗೆ ಮಗಳು ಕೂತಳು. ಬಾಗಿಲು ಹಾಕಿದರು.

ಡ್ರೈವರು ಹೊಸಬನಿರಬೇಕು, ಕೆಲಸ ಬೇಗ ಮುಗಿಸುವ ಆತುರದವನು. ಮೊದಲ ತಿರುವಿನಲ್ಲಿ ವ್ಯಾನು ವಾಲಿತು. ಅಕ್ಕನ ಮೈ ಒಂದಿಷ್ಟು ಪಕ್ಕಕ್ಕೆ ಜಾರಿತು. ತಮ್ಮ ಅವಳ ಭುಜದ ಮೇಲೆ ಕೈಯಿಟ್ಟು ಹಿಡಿದ. ಮುಂದೆ ಏನು ಬರುತ್ತಿದೆ ಎಂದು ಅವನಿಗೆ ಕಾಣುತ್ತಿರಲಿಲ್ಲ. ಮಂಜುಗಾಜಿನ ಕಿಟಕಿಯಲ್ಲಿ ಬೆಳಕು, ನೆರಳು, ಮತ್ತೆ ಬೆಳಕು, ಅಷ್ಟೇ.

"ಅಪ್ಪಾ," ಎಂದಳು ಮಗಳು, ಅವನ ಕಾಲನ್ನೇ ನೋಡುತ್ತಾ.

ಅವನಿಗೆ ಕೇಳಿಸಲಿಲ್ಲ. ಅವನ ಬಲಗಾಲು ನೆಲದ ತಗಡನ್ನು ಬ್ರೇಕಿನಂತೆ ಒತ್ತುತ್ತಿತ್ತು. ಪ್ರತಿ ತಿರುವಿಗೂ, ಪ್ರತಿ ಉಬ್ಬಿಗೂ, ಪಾದ ಪೂರ್ತಿ ಊರಿ, ಬಲವಾಗಿ ಒತ್ತುತ್ತಿತ್ತು. ವ್ಯಾನು ಮಾತ್ರ ಅದೇ ವೇಗದಲ್ಲಿ ಓಡುತ್ತಿತ್ತು.