ಏಪ್ರಿಲ್ ಹತ್ತು, ಐದು ಗಂಟೆಯೊಳಗೆ

ಗಾಲಿಯ ಮಂಚವನ್ನು ದೂಡಿಕೊಂಡು ಬಂದ ಫ್ಯೂನರಲ್ ಹೋಮಿನವನನ್ನು ಜಲಜಮ್ಮ ಚಿತಾಗಾರದ ಬಾಗಿಲಲ್ಲೇ ತಡೆದು, ಬೇಡವೆಂದು ಕೈಯಾಡಿಸಿದರು. ಆಮೇಲೆ ತಮ್ಮ ಶೇಷಾದ್ರಿಯ ಕಡೆ ತಿರುಗಿದರು.

“ಗ್ರೋಸರಿ ಸಾಮಾನು ತಳ್ಕೊಂಡು ಹೋದ ಹಾಗೆ ತಳ್ಕೊಂಡು ಹೋಗೋದೇನೋ ಇವರನ್ನ? ಹೆಗಲ ಮೇಲೆ ಹೋಗಲಿ.”

“ಅದಕ್ಕೆ ನಾಲ್ಕು ಜನ ಬೇಕಲ್ಲ ಅಕ್ಕಾ. ನಾನು, ಆನಂದತೀರ್ಥ, ಸಿದ್ದರಾಜು, ಮೂರೇ ಆಯ್ತು. ಮಿಕ್ಕವರಿಗೆ ಲೀವು ಸಿಗಲಿಲ್ವಂತೆ.”

“ಭಾವನ ಆಫೀಸಿನೋರು?”

ಶೇಷಾದ್ರಿ ಗೋಡೆಯ ಕ್ಯಾಲೆಂಡರ್ ತೋರಿಸಿದ. 1984ರ ಏಪ್ರಿಲ್ ಹತ್ತು, ಮಂಗಳವಾರ. ಮನೆತೆರಿಗೆಯ ಎರಡನೆಯ ಕಂತಿಗೆ ಕಡೆಯ ದಿನ. ಅದನ್ನು ಕಟ್ಟಿಸಿಕೊಳ್ಳುವ ಕೌಂಟಿ ಖಜಾನೆಯಲ್ಲಿ, ಅಂದರೆ ಭಾವನ ಆಫೀಸಿನಲ್ಲಿ, ಇವತ್ತು ಒಬ್ಬರೂ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಈ ದಿನ ಖಾಲಿ ಇದೆ ಎಂದು ಫ್ಯೂನರಲ್ ಹೋಮಿನವರು ಹೇಳಿದಾಗ ಜಲಜಮ್ಮ ಹ್ಞೂಂ ಅಂದುಬಿಟ್ಟಿದ್ದರು. ಹದಿನಾರು ವರ್ಷ ಆ ತಾರೀಕಿಗೆ ಶಾಪ ಹಾಕಿಕೊಂಡು ಬಂದವರಿಗೆ ಬೇಕಾದ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ. ಅವರು ಗಂಡನ ಶವಪೆಟ್ಟಿಗೆಯ ಪಕ್ಕ ಕೂತರು.

*

ಗಂಡ ರಘೋತ್ತಮರಾಯರು ಮೈಸೂರಿನಲ್ಲಿ ಖಜಾನೆ ಗುಮಾಸ್ತರಾಗಿದ್ದವರು. ಸಮುದ್ರ ದಾಟಿ ಬಂದ ಮೇಲೂ ಹೋಗಿ ಸೇರಿದ್ದು ಖಜಾನೆಗೇ. ಜೊತೆಯವರು ಚಿಪ್ಪು, ಕಂಪ್ಯೂಟರು ಅಂತ ಮೇಲೆ ಬಂದು ಫಾಸ್ಟರ್ ಸಿಟಿಯಲ್ಲಿ ನೀರಿನ ಪಕ್ಕ ಮನೆ ಕೊಂಡರು. ರಾಯರು ಮಾತ್ರ ನಾಲ್ಕನೇ ಕಿಟಕಿಯ ಹಿಂದೆ ಕೂತೇ ಇದ್ದರು. ಏನು ಕೆಲಸ ಎಂದು ಯಾರಾದರೂ ಕೇಳಿದರೆ “ರಸೀತಿ ಕೊಡೋದು” ಅನ್ನುವರು. ಜಲಜಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆರು ವರ್ಷದ ಹಿಂದೆ ಇದೇ ತಾರೀಕಿನಂದು, ಮೈಸೂರಿನಲ್ಲಿ ಜಲಜಮ್ಮನ ತಾಯಿ ಹೋದರೆಂದು ತಂತಿ ಬಂತು. ಗಂಡನ ಆಫೀಸಿಗೆ ಫೋನು ಮಾಡಿದರು. ರಾಯರು ಮನೆ ಸೇರಿದಾಗ ಏಳು ಗಂಟೆ.

“ಐದಕ್ಕೆ ಬಾಗಿಲು ಹಾಕ್ತೀರಲ್ಲ, ಎಲ್ಲಿದ್ರಿ?”

“ಐದರೊಳಗೆ ಬಂದು ಲೈನಲ್ಲಿ ನಿಂತವರದ್ದೆಲ್ಲ ತಗೋಬೇಕು ಕಣೆ. ಒಂದು ನಿಮಿಷ ತಡ ಆದೋರಿಗೆ ನೂರಕ್ಕೆ ಹತ್ತು ದಂಡ. ಆಮೇಲೆ ಅವರು ಅತ್ತರೂ ನನ್ನ ಕೈಲಿ ಏನೂ ಆಗಲ್ಲ.”

“ನಾನೂ ಬಂದು ಲೈನಲ್ಲಿ ನಿಲ್ಲಬೇಕಿತ್ತು.”

ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

*

ನಾಲ್ಕು ದಾಟಿತ್ತು. ಚಿಪ್ ಕಂಪನಿಯಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದ ಆನಂದತೀರ್ಥರು ಜೆರಾಕ್ಸ್ ಪುಸ್ತಕ ಹಿಡಿದು ಮಂತ್ರ ಹೇಳುತ್ತಿದ್ದರು. ಆಗ ಹ್ಯಾಟು ಕೈಯಲ್ಲಿ ಹಿಡಿದ ಮುದುಕನೊಬ್ಬ ಒಳಗೆ ಬಂದ. ಬೂಟಿನ ತುಂಬ ತೋಟದ ಮಣ್ಣು. ಹೆಸರು ಮಾನುಯೆಲ್ ಎಂದ. ಮುಚ್ಚಿದ ನಾಲ್ಕನೇ ಕಿಟಕಿಗೆ ರಾಯರ ಸಾವಿನ ಸುದ್ದಿ, ಇಲ್ಲಿಯ ವಿಳಾಸ ಬರೆದು ಅಂಟಿಸಿದ್ದರಂತೆ.

“ನನಗೆ ಓದೋಕೆ ಬರೋದಿಲ್ಲ. ಹಿಂದೆ ನಿಂತವರು ಓದಿ ಹೇಳಿದರು,” ಎಂದ ತಡವರಿಸುವ ಇಂಗ್ಲಿಷಿನಲ್ಲಿ. “ವರ್ಷಾವರ್ಷ ನನ್ನ ಬಿಲ್ಲು ಓದಿ ಹೇಳುತ್ತಿದ್ದವರು ಇವರು. ಸ್ವಂತ ಮನೆಯಲ್ಲಿ ಇರೋರಿಗೆ ಕೊಡೋ ರಿಯಾಯಿತಿ ನನಗೆ ಸಿಕ್ಕೇ ಇಲ್ಲ ಅಂತ ಇವರಿಗೆ ಒಂದು ಸಲ ಗೊತ್ತಾಯಿತು. ಊಟದ ಹೊತ್ತಿನಲ್ಲಿ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಅರ್ಜಿ ಬರೆದುಕೊಟ್ಟರು. ಡಬ್ಬಿಯಲ್ಲಿ ಅರ್ಧ ನನಗೆ ಕೊಟ್ಟರು. ಮೊಸರು ಕಲಸಿದ ಅನ್ನ.”

ಆ ಡಬ್ಬಿ ಕಟ್ಟಿದವರು ಜಲಜಮ್ಮ. ದಿನವೂ ಅದು ಖಾಲಿಯಾಗಿ ಬರುತ್ತಿತ್ತು, ಅಷ್ಟೇ ಅವರಿಗೆ ಗೊತ್ತಿದ್ದದ್ದು.

“ಅಕ್ಕಾ, ನಾಲ್ಕನೆಯವರು ಸಿಕ್ಕಿದ್ರು,” ಎಂದು ಶೇಷಾದ್ರಿ ಪಿಸುಗುಟ್ಟಿದ.

ಕೇಳಿದ ಕೂಡಲೇ ಮಾನುಯೆಲ್ ಒಪ್ಪಿ ಕೋಟು ಬಿಚ್ಚಿದ. ಅಂಗಿಯ ಜೇಬಿನಲ್ಲಿ ಮಡಿಸಿದ ಬಿಲ್ಲು, ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಸೇರಿಸಿದ ನೋಟುಗಳು.

“ಇನ್ನೂ ಕಟ್ಟಿಲ್ಲವಾ?” ಎಂದರು ಜಲಜಮ್ಮ.

“ಲೈನು ಉದ್ದ ಇತ್ತು. ಬಿಟ್ಟು ಬಂದೆ. ದಂಡ ಕಟ್ಟಿದರಾಯಿತು.”

ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಜಲಜಮ್ಮ ಗಂಡನ ಮುಖ ನೋಡಿದರು. ಇವರನ್ನು ಹೊರಲು ನಿಂತರೆ ಈ ಮುದುಕನಿಗೆ ದಂಡ ಬೀಳುತ್ತದೆ.

“ಹೊರಡಿ,” ಎಂದು ಬಾಗಿಲು ತೋರಿಸಿದರು. “ಐದರೊಳಗೆ ಲೈನಲ್ಲಿ ನಿಂತರೆ ಸಾಕು, ತೆಗೆದುಕೊಳ್ಳುತ್ತಾರೆ.”

“ಆದರೆ ಇವರನ್ನು...”

“ನಿಮಗೆ ದಂಡ ಬಿದ್ದರೆ ಇವರಿಗೆ ನೆಮ್ಮದಿ ಇರೋದಿಲ್ಲ. ಹೋಗಿ.”

ಮಾನುಯೆಲ್ ರಾಯರ ಪಾದದ ಮೇಲೆ ಒಂದು ಗಳಿಗೆ ಕೈಯಿಟ್ಟು ಹೊರಟ. ಹೊರಗೆ ಹಳೆಯ ಟ್ರಕ್ಕು ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು.

“ಹೋಯ್ತಲ್ಲ ಅಕ್ಕಾ. ಇನ್ನು ಗಾಲಿನೇ ಗತಿ,” ಎಂದ ಶೇಷಾದ್ರಿ.

ಜಲಜಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. ಪೆಟ್ಟಿಗೆಯ ಕಾಲ್ದೆಸೆಯಲ್ಲಿ ಖಾಲಿ ಉಳಿದಿದ್ದ ಮೂಲೆಗೆ ಬಂದು ಬಗ್ಗಿದರು.

“ಜಲಜಮ್ಮನೋರೆ, ಹೆಂಗಸರು ಹೆಗಲು ಕೊಡೋ ಹಾಗಿಲ್ಲ,” ಎಂದರು ಆನಂದತೀರ್ಥರು.

“ಪುಸ್ತಕ ಜೇಬಿಗೆ ಹಾಕಿ ಆನಂದತೀರ್ಥರೇ. ಆ ಕಡೆ ಹಿಡ್ಕೊಳಿ.”

ಮಂಡ್ಯದ ಕಡೆಯ ಸಿದ್ದರಾಜು ಮೊದಲು ಕೈ ಹಾಕಿದ. “ನಿಧಾನ ಕಣವ್ವಾ. ಭಾರ ಅದೆ.”

ಶವ ಸುಡುವ ಒಲೆಯ ಬಾಗಿಲಿಗೆ ಮೂವತ್ತು ಹೆಜ್ಜೆ. ಪೆಟ್ಟಿಗೆ ಮೇಲೆದ್ದದ್ದೇ ಗಿಡ್ಡ ಆಳಿನ ಜಲಜಮ್ಮನ ಕಡೆಗೆ ವಾಲಿತು. ಅವರು ತುದಿಗಾಲಲ್ಲಿ ನಿಂತರೂ ಹೆಗಲಿಗೆ ಎಟುಕಲಿಲ್ಲ. ಸಿದ್ದರಾಜು ಮೊಣಕಾಲು ಬಗ್ಗಿಸಿದ. ಶೇಷಾದ್ರಿ ಬಗ್ಗಿಸಿದ. ಕೊನೆಗೆ ಆನಂದತೀರ್ಥರೂ ಬಗ್ಗಿದರು. ಮೂವರು ಗಂಡಸರೂ ಅವರ ಎತ್ತರಕ್ಕೆ ಇಳಿದು, ಹಾಗೇ ನಡೆಯತೊಡಗಿದರು.