ಜೆನೋವಾದಲ್ಲಿ ಮಧ್ಯಾಹ್ನದ ಊಟ

ಮಗಳು ಇಟಲಿಯ ಜೆನೋವಾಕ್ಕೆ ಹೊರಟಾಗ, ಅಲ್ಲಿ ಎಲ್ಲಿ ಉಣ್ಣಬೇಕು, ಏನು ತಿನ್ನಬೇಕು ಎಂದು ಹುಡುಕುವ ಕೆಲಸವನ್ನು ಶೋಭಾ ತಾನೇ ಕೇಳಿ ಪಡೆದಿದ್ದಳು. ಸಿರಿಶಾಗೆ ಹತ್ತೊಂಬತ್ತು. ಲಂಡನ್ನಿನ ಸಟನ್ ಬಡಾವಣೆಯ ಗೆಳತಿ ಮಾಳವಿಕಾಳ ಜೊತೆ ವಾರಾಂತ್ಯದ ಪ್ರವಾಸ, ಮನೆಯವರಿಲ್ಲದೆ ಮೊದಲ ಸಲ.

"ಹೋಟೆಲ್ ನೀನೇ ಹುಡುಕು ಅಮ್ಮ, ಐ ಡೋಂಟ್ ಮೈಂಡ್. ಆದ್ರೆ ಹೋದ್ಮೇಲೆ ಕಾಲ್ ಮಾಡ್ಬಾರ್ದು. ದಿನಕ್ಕೊಂದು ಮೆಸೇಜ್ ನಾನೇ ಹಾಕ್ತೇನೆ," ಎಂದು ಸಿರಿಶಾ ಶರತ್ತು ಹಾಕಿದ್ದಳು. ಶೋಭಾ ಒಪ್ಪಿದ್ದಳು. ಒಪ್ಪದೆ ಬೇರೆ ದಾರಿಯಿರಲಿಲ್ಲ.

ಹುಡುಗಿ ಸಣ್ಣವಳಿದ್ದಾಗ ಕುಂದಾಪುರದಲ್ಲಿ, ಶೋಭಾಳ ಅಣ್ಣನ ಮನೆಯಲ್ಲಿ, ಒಂದು ಚೂರು ಗೋಡಂಬಿ ಬರ್ಫಿ ತಿಂದಿದ್ದಳು. ನೋಡನೋಡುತ್ತಿದ್ದಂತೆ ತುಟಿ ಊದಿಕೊಂಡಿತು, ಕಣ್ಣು ಮುಚ್ಚಿಹೋಯಿತು, ಉಸಿರು ಶಿಳ್ಳೆ ಹೊಡೆಯತೊಡಗಿತು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮಗುವಿನ ತಲೆ ತನ್ನ ಹೆಗಲ ಮೇಲೆ ವಾಲಿದ್ದು ಶೋಭಾಳಿಗೆ ಇಂದಿಗೂ ಹೆಗಲಲ್ಲೇ ನೆನಪಿದೆ. ಅಂದಿನಿಂದ ಲಂಡನ್ನಿನ ಹ್ಯಾರೋದಲ್ಲಿರುವ ಅವರ ಮನೆಗೆ ಗೋಡಂಬಿ ಬಂದಿಲ್ಲ, ಪಿಸ್ತಾ ಬಂದಿಲ್ಲ. ಪಾಯಸಕ್ಕೆ ಬರೀ ದ್ರಾಕ್ಷಿ. ಸಿರಿಶಾಳ ಚೀಲದಲ್ಲಿ ಯಾವಾಗಲೂ ಎರಡು ಅಡ್ರಿನಲಿನ್ ಪೆನ್ನುಗಳು, ಅಲರ್ಜಿ ಏರಿದರೆ ಕೂಡಲೇ ಚುಚ್ಚಿಕೊಳ್ಳುವ ಮದ್ದು.

ಜೆನೋವಾ ಎಂದರೆ ಪೆಸ್ತೋ. ಬೇಸಿಲ್ ಸೊಪ್ಪು, ಬೆಳ್ಳುಳ್ಳಿ, ಚೀಸು, ಎಣ್ಣೆ ಹಾಕಿ, ಪೈನ್ ಮರದ ಬೀಜ ಸೇರಿಸಿ ಕಲ್ಲಿನಲ್ಲಿ ಅರೆಯುವ ಹಸಿರು ಚಟ್ನಿ. ಅದನ್ನು ಅದರ ಊರಿನಲ್ಲೇ ತಿನ್ನಬೇಕೆಂಬುದು ಸಿರಿಶಾಳ ಆಸೆ. ಪೈನ್ ಬೀಜದಿಂದ ಅವಳಿಗೆ ತೊಂದರೆಯಿಲ್ಲ ಎಂದು ಡಾಕ್ಟರು ಪರೀಕ್ಷೆ ಮಾಡಿ ಹೇಳಿದ್ದರು. ಶೋಭಾ ಎಷ್ಟೋ ಹೋಟೆಲುಗಳನ್ನು ನೋಡಿ, ಜನ ಬರೆದದ್ದನ್ನೆಲ್ಲ ಓದಿ, ಹಳೇ ಓಣಿಯೊಳಗಿನ ಒಂದು ಹೋಟೆಲನ್ನು ಆರಿಸಿದಳು. ಮಾಲಕಿಗೆ ಬರೆದು ಕೇಳಿದಳು. ನಮ್ಮಲ್ಲಿ ಗೋಡಂಬಿ ಅಡುಗೆಮನೆಯೊಳಗೇ ಬರುವುದಿಲ್ಲ ಎಂದು ಆಕೆಯಿಂದ ಉತ್ತರವೂ ಬಂತು.

"ಶನಿವಾರ ಮಧ್ಯಾಹ್ನ ಅಲ್ಲೇ ಉಣ್ಣು," ಎಂದಿದ್ದಳು ಮಗಳಿಗೆ, ಮತ್ತೇನನ್ನೂ ವಿಚಾರಿಸಬೇಕಿಲ್ಲ ಎಂಬಂತೆ. "ಅಲ್ಲ್ ನೀನ್ ಎಂತದೂ ಕೇಂಬುದ್ ಬ್ಯಾಡ ಮಗಾ. ಎಲ್ಲ ನಾನೇ ಕೇಂಡಿದ್ದೆ. ಧೈರ್ಯದಲ್ಲಿ ತಿನ್ನು."

ಶನಿವಾರ ಶೋಭಾ ಮತ್ತು ಗಂಡ ಕೃಷ್ಣಪ್ರಸಾದ ವಾರದ ಸಾಮಾನಿಗೆ ಹೊರಟರು. ಜಾಗ ಸಿಗದೆ ಕೃಷ್ಣಪ್ರಸಾದ ಕಾರು ನಿಲ್ಲಿಸಬಾರದ ಹಳದಿ ಗೆರೆಯ ಮೇಲೆಯೇ ನಿಲ್ಲಿಸಿ ಒಳಗೇ ಕುಳಿತ. ಶೋಭಾ ಸೂಪರ್‌ಮಾರ್ಕೆಟ್ಟಿನ ಒಳಗೆ ಹೋದಳು. ಹಾಲಿನ ಕಪಾಟಿನ ಎದುರಿಗಿದ್ದಾಗ ಮೆಸೇಜು ಬಂತು. ಮಗಳು ಒಂದು ಬೋರ್ಡಿನ ಕೆಳಗೆ ನಗುತ್ತ ನಿಂತ ಫೋಟೋ. "ನೀನು ಹೇಳಿದ ಜಾಗ ಇವತ್ತು ಕ್ಲೋಸ್ ಅಮ್ಮ, ಕಿಚನ್‌ನಲ್ಲಿ ನೀರು ನುಗ್ಗಿದೆಯಂತೆ. ಓನರ್ ತನ್ನ ತಮ್ಮನ ಹೋಟೆಲಿಗೆ ಕಳಿಸಿದ್ರು, ಹಾರ್ಬರ್ ಹತ್ರ. ಫೋಟೋದಲ್ಲಿರೋದು ಅದೇ. ಸೇಮ್ ಮೆನು. ಹಸಿವು!"

ಶೋಭಾಳಿಗೆ ಖುಷಿಯೇ ಆಯಿತು. ಒಳ್ಳೆಯ ಜನ, ಬಾಗಿಲು ಹಾಕಿದ್ದರೂ ದಾರಿ ತೋರಿಸಿದ್ದಾರೆ. ಮಗಳು ತಿನ್ನುವುದನ್ನೇ ರಾತ್ರಿ ತಾವೂ ತಿನ್ನೋಣ ಎನ್ನಿಸಿ ಪಾಸ್ತಾ ಇಡುವ ಕಡೆ ಹೋಗಿ ಪೆಸ್ತೋದ ಒಂದು ಬಾಟಲಿ ಎತ್ತಿಕೊಂಡಳು. ಹಿಂದೆ ತಿರುಗಿಸಿ ಓದುವುದು ಅವಳಿಗೆ ಉಸಿರಾಟದಷ್ಟೇ ಅಭ್ಯಾಸ. ಬೇಸಿಲ್, ಎಣ್ಣೆ, ಚೀಸು. ಆಮೇಲೆ ದಪ್ಪ ಅಕ್ಷರದಲ್ಲಿ ಗೋಡಂಬಿ.

ಪಕ್ಕದ ಬಾಟಲಿ ತೆಗೆದಳು. ಅದರಲ್ಲೂ ಇತ್ತು. ಪೈನ್ ಬೀಜ ದುಬಾರಿ. ಹಾಗಾಗಿ ಅದರ ಬದಲಿಗೆ ಗೋಡಂಬಿ ಅರೆಯುತ್ತಾರೆ ಎಂಬುದು ಅವಳಿಗೆ ಅಲ್ಲಿ, ಆ ಕಪಾಟಿನ ಮುಂದೆ, ಹೊಳೆಯಿತು. ಅಕ್ಕನ ಅಡುಗೆಮನೆಗೆ ಗೋಡಂಬಿ ಬರುವುದಿಲ್ಲ, ಸರಿ. ತಮ್ಮನದಕ್ಕೆ?

ಸಾಮಾನಿನ ಬುಟ್ಟಿಯನ್ನು ಅಲ್ಲೇ ನೆಲದ ಮೇಲಿಟ್ಟು ಹೊರಗೆ ಓಡಿದಳು. ಓಡುತ್ತಲೇ ಮಗಳಿಗೆ ಫೋನು ಮಾಡಿದಳು. ಹತ್ತಲಿಲ್ಲ. ಮೆಸೇಜು ಹಾಕಿದಳು. ಒಂದೇ ಟಿಕ್ ಬಿತ್ತು, ಮೆಸೇಜು ತಲುಪಿತೆಂದು ಹೇಳುವ ಎರಡನೆಯದು ಬೀಳಲಿಲ್ಲ.

"ಎಂತ ಆಯ್ತ್?" ಎಂದ ಕೃಷ್ಣಪ್ರಸಾದ, ಅವಳು ಕಾರಿನ ಬಾಗಿಲು ಎಳೆದುಕೊಂಡ ರಭಸ ನೋಡಿ.

ಅವಳು ಹೇಳಿದಳು. ಅವನು ಅವಳ ಕಡೆ ತಿರುಗಿದ. "ಅವಳ್ ಕೇಣ್ದೆ ಎಂತದೂ ತಿಂತಿಲ್ಲೆ ಶೋಭಾ. ಸಣ್ಣಂದಿನಿಂದ ಕೇಂಡೇ ತಿಂಬುದ್ ಅಲ್ದಾ."

"ನಾನೇ ಅಲ್ದಾ ಕೇಂಬುದ್ ಬ್ಯಾಡ ಅಂದದ್ದ್."

ಅವನು ಅವಳ ಫೋನು ತೆಗೆದುಕೊಂಡ. ಫೋಟೋದ ಬೋರ್ಡಿನ ಮೇಲಿದ್ದ ಹೆಸರನ್ನು ದೊಡ್ಡದು ಮಾಡಿ ನೋಡಿ ತನ್ನ ಫೋನಿನಲ್ಲಿ ಹೋಟೆಲಿನ ನಂಬರು ಹುಡುಕತೊಡಗಿದ. ಅವನ ಬೆರಳು ಎರಡು ಸಲ ತಪ್ಪು ಅಕ್ಷರ ಒತ್ತಿತು. ಮಾಳವಿಕಾಳ ನಂಬರು ಇಬ್ಬರ ಹತ್ತಿರವೂ ಇರಲಿಲ್ಲ. ತೆಗೆದಿಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಹೋಟೆಲಿನ ಫೋನು ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಒಬ್ಬ ಗಂಡಸು ಎತ್ತಿದ. ಹಿಂದಿನಿಂದ ತಟ್ಟೆಗಳ ಸದ್ದು, ಜನರ ಗದ್ದಲ. ಶೋಭಾ ಇಂಗ್ಲಿಷಿನಲ್ಲಿ ಶುರುಮಾಡಿದಳು. ಅವನಿಗೆ ಅರ್ಥವಾಗಲಿಲ್ಲ. ಗೋಡಂಬಿಗೆ ಆ ಭಾಷೆಯ ಮಾತೇನೆಂದು ಅವಳಿಗೆ ಗೊತ್ತಿತ್ತು, ಮಗಳಿಗೂ ಬಾಯಿಪಾಠ ಮಾಡಿಸಿದ್ದಳು.

"ಪೆಸ್ತೋ," ಎಂದಳು ನಿಧಾನವಾಗಿ. "ಅನಕಾರ್ಡಿ?"

"ಅನಕಾರ್ಡಿ," ಎಂದ ಆತ. "ಸಿ, ಸಿ."

ಸಿ ಎಂದರೆ ಹೌದು. ಹೌದು, ಇದೆ ಎಂದನೋ, ಹೌದು, ನೀವು ಹೇಳಿದ್ದು ಗೊತ್ತಾಯಿತು ಎಂದನೋ? ಶೋಭಾ ದನಿ ಏರಿಸಿದಳು. "ನೋ. ನೋ ಅನಕಾರ್ಡಿ. ಇಂಡಿಯನ್ ಗರ್ಲ್. ಟೂ ಗರ್ಲ್ಸ್, ಫ್ರಮ್ ಲಂಡನ್. ಅಲರ್ಜಿಯಾ. ಅಲರ್ಜಿಯಾ." ಆ ಕಡೆ ಯಾರೋ ಏನೋ ಕಿರುಚಿದಂತೆ ಕೇಳಿಸಿತು, ಫೋನು ಯಾವುದಕ್ಕೋ ತಾಗಿದ ಸದ್ದಾಯಿತು. ಲೈನು ಕಡಿಯಿತು. ಮತ್ತೆ ಮಾಡಿದಾಗ ಎಂಗೇಜ್.

ಪಾರ್ಕಿಂಗ್ ವಾರ್ಡನ್ ಬಂದು ಕಿಟಕಿ ತಟ್ಟಿದ. ಕೃಷ್ಣಪ್ರಸಾದ ಗಾಜು ಇಳಿಸಿದ. ವಾರ್ಡನ್ ಬಗ್ಗಿ ಶೋಭಾಳನ್ನು ನೋಡಿದ. ದಂಡ ಹಾಕದೆ ಹಿಂದಿನ ವ್ಯಾನಿನ ಕಡೆ ನಡೆದ.

ಅಷ್ಟರಲ್ಲಿ ಫೋನು ಬಂತು. ಪರದೆಯ ಮೇಲೆ ಸಿರಿಶಾಳ ಹೆಸರು. ದನಿ ಮಾತ್ರ ಅವಳದಲ್ಲ.

"ಆಂಟೀ, ಮಾಳವಿಕಾ. ಆಂಟೀ, ಸಿರಿ ಈಸ್ ನಾಟ್... ಅವಳ ಮುಖ ಎಲ್ಲ ಊದ್ಕೊಂಡಿದೆ. ವೇಟರ್ ಓಡಿ ಬಂದು ಪ್ಲೇಟ್ ಕಿತ್ಕೊಂಡ್ರು. ಬಟ್ ಅವಳು ಆಗ್ಲೇ ತಿಂದಿದ್ಲು. ಐ ಡೋಂಟ್ ನೋ ವಾಟ್ ಟು ಡೂ."

ಶೋಭಾ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ವರ್ಷಗಟ್ಟಲೆ ಫೋನು ಎತ್ತಿದವಳು. ಬೇರೆಯವರ ಮಕ್ಕಳ ಬಗ್ಗೆ ದಿನವೂ ಕೇಳುವ ಪ್ರಶ್ನೆಗಳು ಈಗ ತಾವಾಗಿಯೇ ಬಾಯಿಗೆ ಬಂದವು. ತನ್ನ ದನಿಯೇ ತನಗೆ ಯಾರದೋ ಎನ್ನಿಸಿತು.

"ಮಾತಾಡ್ತಿದ್ದಾಳಾ?"

"ಇಲ್ಲ. ಉಸಿರು ಸೌಂಡ್ ಬರ್ತಿದೆ."

"ಚೀಲದಲ್ಲಿ ಪೆನ್ ಇದೆ, ತೆಗಿ. ಅವಳನ್ನು ನೆಲದ ಮೇಲೆ ಮಲಗಿಸು. ನಿಲ್ಲಿಸಬೇಡ, ಎಷ್ಟು ಹೇಳಿದರೂ ಎದ್ದು ನಿಲ್ಲೋಕೆ ಬಿಡಬೇಡ."

ಸದ್ದು, ಕುರ್ಚಿ ಎಳೆದದ್ದು, ಇಟಾಲಿಯನ್ ಮಾತು. "ಆಂಟೀ, ಎಲ್ಲಿಗೆ ಚುಚ್ಚೋದು? ನನ್ನಿಂದ ಆಗಲ್ಲ."

"ಆಗ್ತದೆ. ಮುಚ್ಚಳ ಎಳಿ. ತೊಡೆಯ ಹೊರಬದಿ. ಜೀನ್ಸ್ ತೆಗೀಬೇಡ, ಅದರ ಮೇಲಿಂದಲೇ. ಗಟ್ಟಿಯಾಗಿ ಒತ್ತು. ಟಕ್ ಅಂತ ಕೇಳಿಸಬೇಕು. ತೆಗೀಬೇಡ, ಹಾಗೇ ಹಿಡಿದುಕೋ."

ಕೃಷ್ಣಪ್ರಸಾದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಕಾರು ಎಲ್ಲೋ ಜೋರಾಗಿ ಹೋಗುತ್ತಿದೆ ಎಂಬಂತೆ.

"ಕೇಳಿಸ್ತು," ಎಂದಳು ಮಾಳವಿಕಾ ಅಳುತ್ತ. "ಆಂಟೀ, ಕೇಳಿಸ್ತು."

"ಒಳ್ಳೇ ಹುಡುಗಿ. ಆಂಬ್ಯುಲೆನ್ಸಿಗೆ ಹೇಳಿದ್ದಾರಾ? ಆ ಇನ್ನೊಂದು ಪೆನ್ ಕೈಯಲ್ಲೇ ಇಟ್ಟುಕೋ. ಫೋನ್ ಅವಳ ಕಿವಿಗೆ ಹಿಡಿ."

ಶಿಳ್ಳೆಯಂಥ ಉಸಿರು ಕೇಳಿಸಿತು. ಎಷ್ಟೋ ವರ್ಷಗಳ ಹಿಂದೆ ಹೆಗಲ ಮೇಲೆ ಕೇಳಿದ್ದು, ಈಗ ಕಿವಿಯಲ್ಲಿ. "ಮಗಾ, ನಾನ್ ಇಲ್ಲೇ ಇದ್ದೆ," ಎಂದಳು ಶೋಭಾ. "ಮಾತಾಡುದ್ ಬ್ಯಾಡ. ಉಸಿರ್ ಎಳಿ, ಬಿಡು. ಅಷ್ಟೇ ಸಾಕ್." ಅದನ್ನೇ ಮತ್ತೆ ಮತ್ತೆ ಹೇಳಿದಳು. ಹೇಳುತ್ತ ಹೇಳುತ್ತ ಆ ಶಿಳ್ಳೆ ಸಣ್ಣದಾಯಿತೋ, ತನಗೆ ಹಾಗನ್ನಿಸಿತೋ ಗೊತ್ತಾಗಲಿಲ್ಲ. ಸೈರನ್ ಕೇಳಿಸಿತು. ಯಾರೋ ಫೋನು ತೆಗೆದುಕೊಂಡರು. ಆಮೇಲೆ ಏನೂ ಇಲ್ಲ.

ಮನೆಗೆ ಹೇಗೆ ಬಂದರೋ. ಕೃಷ್ಣಪ್ರಸಾದ ವಿಮಾನದ ಟಿಕೆಟು ನೋಡುತ್ತ ಕುಳಿತ. ಶೋಭಾ ಅಡುಗೆಮನೆಯಲ್ಲಿ ನಿಂತೇ ಇದ್ದಳು. ಸಂಜೆ ಸಿರಿಶಾಳೇ ಆಸ್ಪತ್ರೆಯಿಂದ ಕರೆ ಮಾಡಿದಳು. ದನಿ ಒಡೆದಿತ್ತು.

"ಐ ಆಮ್ ಫೈನ್. ಇವತ್ತು ಇಲ್ಲೇ ಇಟ್ಕೋತಾರಂತೆ. ನೀವಿಬ್ರೂ ಬರೋದು ಬೇಡ. ಪ್ಲೀಸ್."

"ಎಷ್ಟ್ ತಿಂದೆ?" ಎಂದಳು ಶೋಭಾ.

"ಮೊದಲ ತುತ್ತಿಗೇ ನಾಲಿಗೆ ತುರಿಸ್ತು ಅಮ್ಮ. ಐ ನೋ ದಟ್ ಫೀಲಿಂಗ್. ಆದ್ರೆ ನೀನು ಎಲ್ಲ ಕೇಳಿದ್ದೇನೆ ಅಂದಿದ್ದೆ. ಸೋ ನನ್ನದೇ ಭ್ರಮೆ ಅಂದ್ಕೊಂಡೆ. ಇನ್ನೊಂದು ತುತ್ತು ತಿಂದೆ. ಇನ್ನೂ ಒಂದು."

ಮಗಳು ಬೈದಿದ್ದರೆ ಸಹಿಸಬಹುದಿತ್ತು. ಬೈಯಲಿಲ್ಲ. ನಾಲಿಗೆ ಹೇಳಿದ್ದನ್ನು ಬಿಟ್ಟು ಅಮ್ಮ ಹೇಳಿದ್ದನ್ನು ನಂಬಿದ್ದಳು, ಅಷ್ಟೇ.

"ತಪ್ಪ್ ನಂದ್," ಎಂದಳು.

"ಐ ನೋ," ಎಂದಳು ಸಿರಿಶಾ. "ನಂದೂ ಹೌದು. ಮಲಗ್ತೇನೆ ಈಗ."

ಕೃಷ್ಣಪ್ರಸಾದ ಟಿಕೆಟಿನ ಪುಟ ತೋರಿಸಿ ಏನು ಮಾಡುವ ಎಂಬಂತೆ ನೋಡಿದ. ಶೋಭಾಳಿಗೆ ಆ ಕ್ಷಣವೇ ಹೊರಡಬೇಕೆನ್ನಿಸಿತು. "ಬ್ಯಾಡ," ಎಂದಳು. "ಬಪ್ಪುದ್ ಬ್ಯಾಡ ಅಂದಳಲ್ದಾ."

ಸೋಮವಾರ ಏರ್‌ಪೋರ್ಟಿನಲ್ಲಿ ಸಿರಿಶಾ ಹೊರಗೆ ಬಂದಾಗ ಕಣ್ಣಿನ ಕೆಳಗೆ ಇನ್ನೂ ಸ್ವಲ್ಪ ಊತವಿತ್ತು. ಅಮ್ಮನನ್ನು ಬಿಗಿಯಾಗಿ ಅಪ್ಪಿ, ಬೇಗ ಬಿಟ್ಟಳು. ಮಾಳವಿಕಾಳನ್ನು ಅವಳ ಮನೆಯವರು ಕರೆದುಕೊಂಡು ಹೋದರು. ಹೊರಡುವಾಗ ಶೋಭಾ ಆ ಹುಡುಗಿಯ ಕೈ ಹಿಡಿದುಕೊಂಡು, ಬೆನ್ನು ಸವರಿ ಕಳಿಸಿದಳು.

"ಹಸಿವಾಗಿದೆ," ಎಂದಳು ಸಿರಿಶಾ. ಅಲ್ಲೇ ಒಂದು ಸ್ಯಾಂಡ್‌ವಿಚ್ ಅಂಗಡಿಯಿತ್ತು. ಶೋಭಾಳ ಕಣ್ಣು ಆಗಲೇ ಗಾಜಿನ ಹಿಂದಿನ ಒಂದೊಂದರ ಮೇಲೂ ಓಡುತ್ತಿತ್ತು, ಕೇಳಬೇಕಾದ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಕೃಷ್ಣಪ್ರಸಾದ ಅವಳ ಮೊಣಕೈ ಮುಟ್ಟಿದ. ಅವಳು ಹಿಂದೆಯೇ ನಿಂತಳು.

ಸಿರಿಶಾ ಕೌಂಟರಿನ ಹೆಂಗಸನ್ನು ಕೇಳಿದಳು. ಯಾವುದರಲ್ಲಿ ಏನೇನಿದೆ ಎಂದು ಬರೆದಿಟ್ಟ ಫೋಲ್ಡರನ್ನು ಆಕೆ ತೆಗೆದು ತೋರಿಸಿದಳು. ಅದು ಸಾಲದೆಂಬಂತೆ ಸಿರಿಶಾ ಬ್ರೆಡ್ಡಿನ ಬಗ್ಗೆ ಇನ್ನೊಮ್ಮೆ ಕೇಳಿದಳು. ಹಿಂದೆ ನಿಂತವರು ಗೊಣಗಿದರು. ಅವಳು ತಿರುಗಿ ನೋಡಲಿಲ್ಲ.

ಮೇಜಿಗೆ ಬಂದು ಕೂತು ಮೊದಲ ತುಂಡು ಕಚ್ಚಿ, ನುಂಗದೆ, ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕಾದಳು. ಎದುರಿಗೆ ಅಪ್ಪ ಅಮ್ಮ ಇಬ್ಬರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಓಕೆ," ಎಂದು ನುಂಗಿದಳು. ಆಮೇಲೆ, ತಿನ್ನುತ್ತಲೇ, "ಬೇಸಿಗೆಗೆ ನಾವು ಸ್ಪೇನಿನ ವಲೆನ್ಸಿಯಾಕ್ಕೆ ಹೋಗೋಣ ಅಂತಿದ್ದೇವೆ, ಮಾಳವಿಕಾ ಮತ್ತೆ ನಾನು. ಎಲ್ಲಿ ಚೆನ್ನಾಗಿ ಸಿಕ್ತದೆ ಅಂತ ನೀನು ಹುಡುಕು ಅಮ್ಮ. ಯು ಆರ್ ಗುಡ್ ಅಟ್ ಇಟ್. ಕೇಳೋದು ಮಾತ್ರ ನಾನು."

ಇಷ್ಟು ಬೇಗ ಇನ್ನೊಂದು ಊರೇ ಎನ್ನಿಸಿತು ಶೋಭಾಳಿಗೆ. ಗಂಡನ ಮುಖ ನೋಡಿದಳು. ಅವನು ಕಾಫಿಯ ಲೋಟದೊಳಗೆ ನೋಡುತ್ತಿದ್ದ.

"ಮಾಳವಿಕಾಳ ನಂಬರ್ ಕೊಡು ಮೊದಲು," ಎಂದು ಫೋನು ತೆಗೆದಳು.